ಫೈ ಚಿಪ್‌ಗೂ ಒಂದು ವಿಳಾಸ ಬೇಕು

ಪೆನ್‌ಡ್ರೈವ್ ಹಾಕಿದ ಕೂಡಲೇ ಅದು ಯಾವುದು ಅಂತ ಲಿನಕ್ಸ್‌ಗೆ ಗೊತ್ತಾಗ್ತದೆ. ಯಾಕಂದ್ರೆ ಯುಎಸ್‌ಬಿಯಲ್ಲಿ ಡಿವೈಸೇ ತನ್ನ ಪರಿಚಯ ಹೇಳ್ಕೊಳ್ತದೆ. ಆದ್ರೆ ರಾಸ್‌ಬೆರಿ ಪೈ ತರದ ಬೋರ್ಡಿನ ಮೇಲೆ ಸೋಲ್ಡರ್ ಮಾಡಿದ ಎಷ್ಟೋ ಚಿಪ್‌ಗಳು ಹಾಗೆ ಬಾಯಿ ಬಿಡಲ್ಲ. ಯಾವ ಚಿಪ್ ಎಲ್ಲಿದೆ, ಯಾವುದಕ್ಕೆ ಜೋಡಿಸಿದೆ ಅಂತ ಯಾರಾದ್ರೂ ಬರೆದು ಕೊಡ್ಬೇಕು. ಆ ಬರಹವೇ ಡಿವೈಸ್ ಟ್ರೀ. ಎಆರ್‌ಎಂ ಬೋರ್ಡುಗಳ ವಿವರವನ್ನೆಲ್ಲ ಕರ್ನಲ್‌ನ ಸಿ ಕೋಡಿಗೇ ತುಂಬ್ತಾ ಇದ್ದದ್ದಕ್ಕೆ 2011ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಾದ ಮೇಲೆ ಅಲ್ಲೂ ಈ ಪದ್ಧತಿ ಜೋರಾಗಿ ಬಂತು.

ಹಳಿಯಾಳದಲ್ಲಿ ಓದೋ ನಾವು ನಾಲ್ಕು ಜನ ಹೆಚ್ಚು ಹೊತ್ತು ಕೂತದ್ದು ಈಥರ್ನೆಟ್ ಫೈ ಮೇಲೆ. (ಪೈ ಬೇರೆ, ಫೈ ಬೇರೆ!) ಮ್ಯಾಕ್ ಕೊಟ್ಟ ಬಿಟ್‌ಗಳನ್ನ ತಂತಿಯ ಸಿಗ್ನಲ್ ಮಾಡೋ ಚಿಪ್ ಅದು. ರಾಸ್‌ಬೆರಿ ಪೈ 4ರ ಟ್ರೀಯಲ್ಲಿ ಅದಕ್ಕೆ ಇರೋದು ಕೆಲವೇ ಸಾಲು. ಎಂಡಿಐಒ ಬಸ್ಸಿನ ಕೆಳಗೆ ಒಂದು ನೋಡ್, ಅದರಲ್ಲಿ ‘ರೆಗ್’ 1. ಮ್ಯಾಕ್ ನೋಡಿನಲ್ಲಿ ‘ಫೈ-ಹ್ಯಾಂಡಲ್’, ಅಂದ್ರೆ ನನ್ನ ಫೈ ಅಗೋ ಅಲ್ಲಿದೆ ಅಂತ ಬೆರಳು ತೋರಿಸೋದು.

ಬರೀ 1 ಅಂದ್ರೆ ಏನು? ಎಂಡಿಐಒದಲ್ಲಿ 0ಯಿಂದ 31ರವರೆಗೆ ವಿಳಾಸ ಇರ್ತಾವೆ. ಇದು ಆ ಬಸ್ಸಿನೊಳಗಿನ 1 ಮಾತ್ರ. ಮುಂಡಗೋಡದ ಟಿಬೆಟನ್ ಕಾಲೋನಿಯಲ್ಲಿ ಗಂದೆನ್ ಮಠಕ್ಕೆ ಹೋಗ್ಬೇಕಾದ್ರೆ ಆಟೋದವರಿಗೆ ‘ಒಂದು’ ಅಂದ್ರೆ ಆಗಲ್ಲ, ‘ಲಾಮಾ ಕ್ಯಾಂಪ್ 1’ ಅನ್ಬೇಕು. ಇದಕ್ಕೆ ಟ್ರೀ ಅಂತ ಯಾಕೆ ಹೆಸರು ಅನ್ನೋದು ನಮಗೆ ಹಾಗೆ ತಲೆಗೆ ಹೋಯ್ತು. ನಂಬರಿಗೆ ಅರ್ಥ ಬರೋದು ಮೇಲಿನ ನೋಡಿನಿಂದ.

ಹಾಗಾದ್ರೆ 32 ಬಾಗಿಲನ್ನೂ ಕರ್ನಲ್ಲೇ ತಟ್ಟಿ ನೋಡಬಾರ್ದಾ? ನೋಡಬಹುದು. ಫೈನ 2 ಮತ್ತು 3ನೇ ರಿಜಿಸ್ಟರಿನಲ್ಲಿ ಅದರ ಐಡಿ ಇರ್ತದೆ. ಆದ್ರೆ ಫೈ ರೀಸೆಟ್‌ನಲ್ಲಿದ್ರೆ, ಕ್ಲಾಕ್ ಬರದೇ ಇದ್ರೆ ಉತ್ತರ ಬರಲ್ಲ. ನಮ್ಮಲ್ಲೊಬ್ಬನ ಮನೆ ಜೋಯಿಡಾದ ಕಾಡಿನೊಳಗೆ. ಅಲ್ಲಿಗೆ ಫೋನ್ ಹತ್ತಲ್ಲ. ಹಾಗಂತ ಮನೆ ಇಲ್ಲ ಅಂತಲ್ಲ, ದಾರಿ ಅವನೇ ಬರೆದು ಕೊಡ್ಬೇಕು ಅಷ್ಟೇ. ಅದಕ್ಕೇ ರೀಸೆಟ್ ಯಾವ ಪಿನ್ನಿಗೆ, ಎಷ್ಟು ಹೊತ್ತು ಅನ್ನೋದನ್ನ, ಬೇಕಾದ್ರೆ ಐಡಿಯನ್ನೂ, ಟ್ರೀಯಲ್ಲೇ ಬರೀತಾರೆ.

ನಮ್ಮನ್ನ ನಿಜವಾಗಿ ಹೆದರಿಸಿದ್ದು ‘ಫೈ-ಮೋಡ್’. ಗಿಗಾಬಿಟ್ ಆರ್‌ಜಿಎಂಐಐನಲ್ಲಿ ಕ್ಲಾಕು ಡೇಟಾಕ್ಕಿಂತ ಸುಮಾರು 2 ನ್ಯಾನೋಸೆಕೆಂಡ್ ತಡವಾಗಿ ಬರ್ಬೇಕು. ಆ ತಡ ಬೋರ್ಡಿನ ಟ್ರೇಸ್ ಕೊಡ್ತದೋ, ಮ್ಯಾಕೋ, ಫೈಯೋ? ಎರಡೂ ಕಡೆ ಫೈಯೇ ಕೊಡೋದಾದ್ರೆ ‘ಆರ್‌ಜಿಎಂಐಐ-ಐಡಿ’. ರಾಸ್‌ಬೆರಿ ಪೈ 4ರಲ್ಲಿ ಇರೋದು ‘ಆರ್‌ಜಿಎಂಐಐ-ಆರ್‌ಎಕ್ಸ್‌ಐಡಿ’, ರಿಸೀವ್ ಕಡೆ ಮಾತ್ರ. ಇದನ್ನ ತಪ್ಪು ಬರೆದ್ರೆ ಕಂಪೈಲರ್ ಬೈಯಲ್ಲ. ಪೋರ್ಟಿನ ಲೈಟ್ ಹತ್ತುತ್ತೆ, ಲಿಂಕ್ 1000 ಎಂಬಿಪಿಎಸ್ ಅಂತ್ಲೂ ತೋರಿಸ್ಬಹುದು. ಪಿಂಗ್ ಮಾತ್ರ ಹೋಗಲ್ಲ.

ಪರೀಕ್ಷೆಗೆ ನಾವು ಬಿಡಿಸೋ ಚಿತ್ರದಲ್ಲಿ ಫಿಸಿಕಲ್ ಲೇಯರ್ ಅಂದ್ರೆ ತಳದಲ್ಲಿರೋ ಒಂದು ಡಬ್ಬಿ, ಎರಡು ಮಾರ್ಕು. ಆ ಡಬ್ಬಿ ಕೆಲಸ ಮಾಡೋದು ಯಾರೋ ಸರ್ಕ್ಯೂಟ್ ನೋಡಿ, ಇದ್ದದ್ದನ್ನ ಇದ್ದ ಹಾಗೆ ಬರೆದಿಟ್ಟಿದ್ದರಿಂದ. ಲ್ಯಾಬಿನಲ್ಲಿ ರಾಸ್‌ಬೆರಿ ಪೈ ಸಿಕ್ಕಿದ್ರೆ ‘ಪ್ರೋಕ್’ ಒಳಗಿನ ‘ಡಿವೈಸ್-ಟ್ರೀ’ ಫೋಲ್ಡರ್ ತೆಗೆದು ನೋಡಿ. ದಾಂಡೇಲಿ ಬಸ್ಸಿಗೆ ಇನ್ನೂ ಟೈಮಿದ್ರೆ ನಾವೂ ಜೊತೆಗೆ ಕೂರ್ತೇವೆ.