ಅನ್ನ ಬಿಟ್ಟವರ ಆಯಾಸ

ಬಿಡುವುದೆಂಬ ಮಾತು ನಾಲಗೆಗೆ ಹಗುರ, ದೇಹಕ್ಕೆ ಭಾರ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಪದಾರ್ಥವೊಂದನ್ನು ಅಲ್ಲಿಯೇ ಬಿಟ್ಟು ಬರುವ ವಾಡಿಕೆ ಈ ನಾಡಿನಲ್ಲುಂಟು. ಹಾಗಲಕಾಯಿಯನ್ನು ಬಿಟ್ಟವರು ಹಲವರು, ಹಲಸಿನ ಹಣ್ಣನ್ನು ಬಿಟ್ಟವರು ಕೆಲವರು. ಅನ್ನವನ್ನು ಬಿಟ್ಟು ಬಂದವರು ಮಾತ್ರ ಕಾಣಸಿಗುವುದಿಲ್ಲ. ಹುಟ್ಟಿದ ಆರನೆಯ ತಿಂಗಳಲ್ಲಿ ಬಾಯಿಗೆ ಬಿದ್ದ ಆ ತುತ್ತು ಕೊನೆಯವರೆಗೂ ಜತೆಗಿರತಕ್ಕದ್ದೆಂಬ ಭಾವನೆ ಎಲ್ಲರಲ್ಲಿಯೂ ಬೇರೂರಿದೆ. ಆದರೆ ಈಗಿನ ಕಾಲದಲ್ಲಿ ಕಾಶಿಗೆ ಹೋಗದೆಯೇ ಅನ್ನವನ್ನು ಬಿಡಬೇಕಾದ ಪ್ರಸಂಗ ಅನೇಕರಿಗೆ ಒದಗುತ್ತಿದೆ. ಅದನ್ನು ಬಿಡಿಸುವವನು ವಿಶ್ವನಾಥನಲ್ಲ, ಮಧುಮೇಹ.

ಹಳೆಯ ಮೈಸೂರಿನ ಕಡೆಯ ಊರೊಂದರಲ್ಲಿ ಸರಕಾರದ ಲೆಕ್ಕದ ಕಚೇರಿಯಿಂದ ನಿವೃತ್ತರಾದ ಗೃಹಸ್ಥರೊಬ್ಬರಿದ್ದಾರೆ. ವಯಸ್ಸು ಅರವತ್ತನಾಲ್ಕು. ಮಧುಮೇಹ ಹತ್ತಿಕೊಂಡು ಹನ್ನೆರಡು ವರ್ಷಗಳಾದುವು. ಬೆಳಿಗ್ಗೆ ಸಕ್ಕರೆಗೊಂದು, ರಕ್ತದ ಒತ್ತಡಕ್ಕೊಂದು, ಹೀಗೆ ಎರಡು ಮಾತ್ರೆಗಳನ್ನು ನುಂಗಿ, ಉಳಿದ ವಿಷಯದಲ್ಲಿ ನಿಶ್ಚಿಂತರಾಗಿ ಇದ್ದವರು ಅವರು. ಹೀಗಿರಲು ಒಂದು ದಿನ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ 9.2 ಎಂಬ ಅಂಕಿ ಬಂದಿತು. ಲೆಕ್ಕದ ಮನುಷ್ಯರಿಗೆ ಅಂಕಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರಿಗೆ ತಮ್ಮ ತಂದೆಯವರ ನೆನಪಾಯಿತು. ಇದೇ ರೋಗದಿಂದ ಆ ಹಿರಿಯರ ಬಲಗಾಲಿನ ಬೆರಳುಗಳು ಮೊದಲು ಹೋದುವು, ಬಳಿಕ ಪಾದ ಹೋಯಿತು, ವರ್ಷ ತುಂಬುವುದರೊಳಗೆ ಅವರೇ ಹೋದರು. ತಂದೆಯವರ ಚಪ್ಪಲಿಗಳಲ್ಲಿ ಒಂದು ಮಾತ್ರ ಸವೆಯುತ್ತಿದ್ದುದನ್ನು ಮಗ ಮರೆತಿರಲಿಲ್ಲ.

ಅಂದು ರಾತ್ರಿಯೇ ಯಜಮಾನರು ಪ್ರತಿಜ್ಞೆ ಮಾಡಿದರು. ನಾಳೆಯಿಂದ ಅನ್ನವಿಲ್ಲ, ಮುದ್ದೆಯಿಲ್ಲ, ದೋಸೆ, ಇಡ್ಲಿ, ಅವಲಕ್ಕಿಗಳ ಮಾತಿಲ್ಲ, ಕಾಫಿಗೆ ಸಕ್ಕರೆಯಿಲ್ಲ. ಪಥ್ಯವೆಂದ ಮೇಲೆ ಪೂರ್ಣವಾಗಿರಲೆಂದು ತುಪ್ಪ, ಎಣ್ಣೆ, ಕೊಬ್ಬರಿಗಳನ್ನೂ ತಳ್ಳಿಹಾಕಿದರು. ಒತ್ತಡದ ನೆಪದಿಂದ ಉಪ್ಪನ್ನೂ ಕಡಿಮೆ ಮಾಡಿದರು.

ಗೃಹಿಣಿ ಎಲ್ಲವನ್ನೂ ಕೇಳಿ, "ಹಾಗಾದರೆ ನಾನು ಬಡಿಸುವುದು ಏನನ್ನ?" ಎಂದರು. ನಲವತ್ತು ವರ್ಷ ಆ ಮನೆಯಲ್ಲಿ ಅನ್ನ ಬಸಿದ ಕೈ ಅದು. ಪ್ರಶ್ನೆ ಅಡಿಗೆಯ ವಿಷಯದ್ದೆಂದು ಯಜಮಾನರು ತಿಳಿದರು. ಅದು ಅಷ್ಟೇ ಆಗಿರಲಿಲ್ಲ.

ಮೊದಲ ದಿನ ಉತ್ಸಾಹದಲ್ಲಿ ಕಳೆಯಿತು. ಎರಡನೆಯ ದಿನ ತಲೆನೋವು ಬಂದಿತು. ಮೂರನೆಯ ದಿನ ಮೊಣಕಾಲುಗಳಲ್ಲಿ ಹತ್ತಿ ತುಂಬಿದಂತಾಗಿ, ಬೀದಿಯ ಕೊನೆಯವರೆಗೆ ನಡೆದು ಬರುವುದೂ ದೊಡ್ಡ ಯಾತ್ರೆಯಾಯಿತು. ನಾಲ್ಕನೆಯ ದಿನ ಪೂಜೆಯ ಮಣೆಯಿಂದ ಏಳುವಾಗ ಕಣ್ಣು ಕತ್ತಲಿಟ್ಟು, ಕಂಬವನ್ನು ಹಿಡಿದುಕೊಂಡು ನಿಂತರು. ತೂಕ ಮಾತ್ರ ಎರಡು ಕಿಲೋ ಇಳಿದಿತ್ತು; ಅದರಿಂದ ಅವರಿಗೆ ಪರಮ ಸಂತೋಷ. ಆಯಾಸವನ್ನು ಅವರು ಮನಸ್ಸಿನ ದೌರ್ಬಲ್ಯವೆಂದೆಣಿಸಿ ಹಲ್ಲು ಕಚ್ಚಿ ಸಹಿಸಿದರು. ಅನ್ನಪೂರ್ಣೆಯನ್ನು ತಿರಸ್ಕರಿಸಿದುದರ ಫಲವಿದೆಂದು ಗೃಹಿಣಿ ಒಳಗೊಳಗೇ ಹೆದರಿದರು. ಇಬ್ಬರ ಎಣಿಕೆಯೂ ತಪ್ಪಾಗಿತ್ತು.

ಐದನೆಯ ದಿನ ಸಂಜೆ ಸಂಗತಿ ಬೇರೆಯಾಯಿತು. ಯಜಮಾನರ ಮೈಯೆಲ್ಲ ತಣ್ಣಗೆ ಬೆವರಿತು, ಕೈ ನಡುಗಿತು, ಆಡುತ್ತಿದ್ದ ಮಾತು ತಡವರಿಸಿತು. ಗೃಹಿಣಿ ಮನೆಯಲ್ಲಿದ್ದ ಗ್ಲೂಕೋಮೀಟರನ್ನು ತಂದು ಬೆರಳಿಗೆ ಚುಚ್ಚಿ ನೋಡಿದರೆ 58. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯವೆಂದು ಹಿಂದೊಮ್ಮೆ ಹೇಳಿದ್ದುದನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ತಂದರು. ಯಜಮಾನರು ಮುಖ ತಿರುಗಿಸಿ, "ವ್ರತ ಕೆಡುತ್ತದೆ, ಬೇಡವೇ" ಎಂದರು.

"ವ್ರತ ನಿಮ್ಮದು, ಮಾಂಗಲ್ಯ ನನ್ನದು. ಕುಡಿಯಿರಿ" ಎಂದರು ಆಕೆ.

ಯಜಮಾನರು ಕುಡಿದರು. ಕಾಲು ಗಂಟೆಯ ಮೇಲೆ ನೋಡಿದಾಗ 92 ಆಗಿತ್ತು. ಬಳಿಕ ಒಂದಿಷ್ಟು ಮೊಸರನ್ನವನ್ನೂ ತಿನ್ನಿಸಿ ಮಲಗಿಸಿದರು.

ಮರುದಿನ ವೈದ್ಯರು ಎಲ್ಲವನ್ನೂ ಕೇಳಿ ಸ್ವಲ್ಪ ಸಿಡಿಮಿಡಿಗೊಂಡರು. "ಸ್ವಾಮಿ, ನೀವು ಆಹಾರವನ್ನು ಬದಲಾಯಿಸಿದಿರಿ, ಮಾತ್ರೆಯನ್ನು ಬದಲಾಯಿಸಲಿಲ್ಲ. ಆದಾಯ ನಿಂತ ಮೇಲೆಯೂ ಕಂದಾಯವನ್ನು ಹಿಂದಿನಷ್ಟೇ ವಸೂಲು ಮಾಡಿದರೆ ಸಂಸಾರ ಉಳಿದೀತೇ?" ಎಂದರು. ಯಜಮಾನರು ನುಂಗುತ್ತಿದ್ದುದು ಮೇದೋಜೀರಕಾಂಗವನ್ನು ಪ್ರಚೋದಿಸಿ ಇನ್ಸುಲಿನ್ ಹೊರಡಿಸುವ ಜಾತಿಯ ಮಾತ್ರೆ. ಊಟದಲ್ಲಿ ಪಿಷ್ಟವಿರಲಿ ಇಲ್ಲದಿರಲಿ, ಅದು ತನ್ನ ಕೆಲಸವನ್ನು ಮಾಡಿಯೇ ತೀರುತ್ತದೆ. ಐದನೆಯ ದಿನದ ನಡುಕ ಅದರಿಂದ ಬಂದುದು. ಆದಕಾರಣ ಅಂತಹ ಮಾತ್ರೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ತೆಗೆದುಕೊಳ್ಳುವವರು ವೈದ್ಯರಿಂದ ಪ್ರಮಾಣವನ್ನು ಇಳಿಸಿಕೊಂಡ ಹೊರತು ಅನ್ನಕ್ಕೆ ಕೈಹಚ್ಚಕೂಡದು. ಮೂತ್ರದ ಮೂಲಕ ಸಕ್ಕರೆಯನ್ನು ಹೊರಗೆಡಹುವ ಹೊಸ ಜಾತಿಯ ಮಾತ್ರೆಗಳನ್ನು ಸೇವಿಸುವವರಿಗೆ ಬೇರೊಂದು ಭಯ ಉಂಟು. ಅಂತಹವರು ಪಿಷ್ಟವನ್ನು ತೀರ ಇಳಿಸಿದರೆ ಸಕ್ಕರೆಯ ಅಂಕಿ ಸರಿಯಾಗಿದ್ದಾಗಲೂ ರಕ್ತದಲ್ಲಿ ಆಮ್ಲ ಏರಿ ಪ್ರಾಣಕ್ಕೆ ಮುಟ್ಟಬಹುದು.

ಮೊದಲ ನಾಲ್ಕು ದಿನಗಳ ಬಳಲಿಕೆಯ ಕಾರಣ ಬೇರೆ. ಮನುಷ್ಯನ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಸಕ್ಕರೆ ಗ್ಲೈಕೋಜನ್ ಎಂಬ ರೂಪದಲ್ಲಿ ಕಣಜದ ಭತ್ತದಂತೆ ಶೇಖರವಾಗಿರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಜತೆಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ನಿಂತೊಡನೆ ಕಣಜ ಬರಿದಾಗತೊಡಗಿ, ನೀರೂ ಹೊರಟುಹೋಗುತ್ತದೆ. ಯಜಮಾನರು ಹಿಗ್ಗಿದ ಆ ಎರಡು ಕಿಲೋ ಬಹುಮಟ್ಟಿಗೆ ನೀರೇ ಹೊರತು ಕೊಬ್ಬಲ್ಲ. ಇದಲ್ಲದೆ, ಉಪ್ಪನ್ನು ಹಿಡಿದಿಟ್ಟುಕೊಳ್ಳೆಂದು ಮೂತ್ರಪಿಂಡಗಳಿಗೆ ಆಜ್ಞೆ ಮಾಡುವುದೂ ಇನ್ಸುಲಿನ್ನಿನ ಕೆಲಸಗಳಲ್ಲೊಂದು. ಅದು ತಗ್ಗಿದಾಗ ಉಪ್ಪು ನೀರಿನೊಡನೆ ಹರಿದುಹೋಗುತ್ತದೆ. ರಕ್ತದ ಒತ್ತಡ ಇಳಿಯುತ್ತದೆ. ಎದ್ದು ನಿಂತರೆ ಕಣ್ಣು ಕತ್ತಲಿಡುತ್ತದೆ. ಒತ್ತಡವನ್ನಿಳಿಸುವ ಮಾತ್ರೆಯೂ ಹಿಂದಿನಂತೆಯೇ ನಡೆದಿದ್ದರೆ ಹೇಳಬೇಕಾದುದೇ ಇಲ್ಲ.

ಮೂರನೆಯ ಕಾರಣ ಇಂಧನದ್ದು. ಪಿಷ್ಟ ದಿನಕ್ಕೆ ಸುಮಾರು 50 ಗ್ರಾಮಿಗಿಂತ ಕೆಳಗಿಳಿದರೆ ದೇಹ ಕೊಬ್ಬನ್ನು ಉರಿಸತೊಡಗುತ್ತದೆ. ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ದ್ರವ್ಯವನ್ನು ತಯಾರಿಸಿ ಮಿದುಳಿಗೂ ಒದಗಿಸುತ್ತದೆ. ಸೌದೆಯ ಒಲೆಗೆ ಒಗ್ಗಿದ ಮನೆಗೆ ಹೊಸ ಒಲೆ ಬಂದಂತೆ, ಅದು ಕೈವಶವಾಗಲು ಕೆಲವು ದಿನಗಳು, ಒಮ್ಮೊಮ್ಮೆ ಕೆಲವು ವಾರಗಳು ಹಿಡಿಯುತ್ತವೆ. ಯಜಮಾನರಾದರೋ ಅನ್ನದೊಡನೆ ತುಪ್ಪವನ್ನೂ ಬಿಟ್ಟಿದ್ದರು. ಹಳೆಯ ಒಲೆಗೆ ಸೌದೆಯಿಲ್ಲ, ಹೊಸದಕ್ಕೆ ಎಣ್ಣೆಯಿಲ್ಲ. ಮನೆ ತಣ್ಣಗಾಗದೆ ಇನ್ನೇನಾದೀತು?

ಈ ಆಯಾಸ ಹೊಸದೇನಲ್ಲವೆಂಬುದಕ್ಕೆ ವೈದ್ಯರು ದೂರದೇಶದ ಒಂದು ನಿದರ್ಶನವನ್ನು ಹೇಳಿದರು. ಅಮೆರಿಕದ ಸೇನಾಧಿಕಾರಿ ಫ್ರೆಡರಿಕ್ ಶ್ವಾಟ್ಕ ಎಂಬಾತ 1878ರಿಂದ 1880ರವರೆಗೆ ಉತ್ತರಧ್ರುವದ ಕಡೆಯ ಹಿಮಪ್ರದೇಶದಲ್ಲಿ, 1845ರಲ್ಲಿ ಹೊರಟು ಕಾಣೆಯಾದ ಫ್ರಾಂಕ್ಲಿನ್ನನ ತಂಡದ ಕುರುಹುಗಳನ್ನು ಹುಡುಕುತ್ತ ಮೂರು ಸಾವಿರ ಮೈಲಿಗಳಿಗೂ ಮೀರಿ ಸಂಚರಿಸಿದನು. ಒಯ್ದಿದ್ದ ಧಾನ್ಯ ಮುಗಿದು ಬೇಟೆಯ ಮಾಂಸವೊಂದನ್ನೇ ನಂಬಿ ಬದುಕಬೇಕಾದಾಗ, ಮೊದಮೊದಲು ಆ ಆಹಾರ ಸಾಲದೆಂಬಂತೆ ನಿಶ್ಶಕ್ತಿ ತೋರುತ್ತದೆಂದೂ, ಎರಡು ಮೂರು ವಾರಗಳಲ್ಲಿ ಅದು ತಾನಾಗಿ ಮಾಯವಾಗುತ್ತದೆಂದೂ ಆತ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹಿಮದಲ್ಲಿ ನಡೆಯುವ ದೃಢಕಾಯರಿಗೇ ಇಷ್ಟಾದರೆ, ಮಣೆಯ ಮೇಲೆ ಕುಳಿತ ಅರವತ್ತನಾಲ್ಕರ ಗೃಹಸ್ಥರು ನಾಚಬೇಕಾದುದೇನು?

ನಾಚಬೇಕಾದುದು ಬೇರೊಂದಿತ್ತು. ಯಜಮಾನರು ಸಂಸ್ಕೃತ ಬಲ್ಲವರು. ಚರಕಸಂಹಿತೆಯ ಸೂತ್ರಸ್ಥಾನವನ್ನು ಓದಿದವರು. ರೂಢಿಯಾದ ಅಹಿತವನ್ನು ಒಮ್ಮೆಗೇ ಬಿಡಕೂಡದು, ಒಂದೊಂದು ಪಾದವಾಗಿ ಬಿಡಬೇಕು, ಬಿಟ್ಟ ಎಡೆಯಲ್ಲಿ ಹಿತವನ್ನು ಅಷ್ಟಷ್ಟೇ ತುಂಬುತ್ತ ನಡುನಡುವೆ ದಿನಗಳ ಅಂತರವನ್ನಿಡಬೇಕು ಎಂಬ ಪಾದಾಂಶಿಕ ಕ್ರಮವನ್ನು ಅದರ ಏಳನೆಯ ಅಧ್ಯಾಯ ವಿಧಿಸುತ್ತದೆ. ಬಹುಕಾಲದ ಅಭ್ಯಾಸ, ಅದು ಕೆಟ್ಟದ್ದೇ ಆಗಿರಲಿ, ದೇಹಕ್ಕೆ ಸಾತ್ಮ್ಯವಾಗಿಬಿಟ್ಟಿರುತ್ತದೆಂಬುದು ಅದರ ತಿರುಳು. ಓದಿದ್ದು ಬಾಯಲ್ಲಿತ್ತು, ಊಟದೆಲೆಗೆ ಇಳಿದಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿತು. ವೈದ್ಯರು ಸಕ್ಕರೆಯ ಮಾತ್ರೆಯನ್ನು ಅರ್ಧಕ್ಕಿಳಿಸಿ, ಒತ್ತಡವನ್ನು ಅಳೆದು ಆ ಮಾತ್ರೆಯನ್ನೂ ಕಡಿಮೆ ಮಾಡಿ, ಮೂತ್ರಪಿಂಡ ಮತ್ತು ಹೃದಯಗಳು ಸರಿಯಾಗಿವೆಯೆಂದು ಕಂಡುಕೊಂಡ ಮೇಲೆಯೇ ಉಪ್ಪಿಗೆ ಅನುಮತಿ ಕೊಟ್ಟರು. ಆ ಅಂಗಗಳಲ್ಲಿ ದೋಷವುಳ್ಳವರು ಈ ಮಾತನ್ನು ಕೇಳಿ ತಾವಾಗಿ ಉಪ್ಪನ್ನು ಏರಿಸಬಾರದು. ಅಡಿಗೆಯ ಆಡಳಿತ ಗೃಹಿಣಿಯ ಕೈಗೆ ಮರಳಿತು. ವಾರಕ್ಕೊಂದು ಪಾದದಂತೆ ಅನ್ನ ಇಳಿಯಿತು. ಅದರ ಎಡೆಯಲ್ಲಿ ಹುರುಳಿಕಾಯಿಯ ಪಲ್ಯ, ದಂಟಿನ ಸೊಪ್ಪು, ಗಟ್ಟಿ ಮೊಸರು, ಒಂದು ಹಿಡಿ ನೆಲಗಡಲೆ, ಕಾಯಿತುರಿ, ಒಂದು ಮಿಳ್ಳೆ ತುಪ್ಪ ಬಂದುವು. ರಾಗಿಯಾದರೆ ಬಾಧಕವಿಲ್ಲವೆಂಬ ಊರಿನ ನಂಬಿಕೆಯನ್ನು ವೈದ್ಯರು ಮೊದಲೇ ತಿದ್ದಿದ್ದರು. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣ ಹೆಚ್ಚು, ಎಲ್ಲವೂ ನಿಜ. ಆದರೂ ತೂಕದಲ್ಲಿ ಮೂರರಲ್ಲೆರಡು ಪಾಲಿನಷ್ಟಾದರೂ ಪಿಷ್ಟವೇ. ಆದ್ದರಿಂದ ಮುದ್ದೆಯೂ ಕಿರಿದಾಯಿತು. ಹನ್ನೊಂದು ಗಂಟೆಗೆ ಉಪ್ಪು, ಶುಂಠಿ, ಕರಿಬೇವು ಹಾಕಿದ ನೀರು ಮಜ್ಜಿಗೆ, ಸಂಜೆ ಒಂದು ಲೋಟ ಬಿಸಿಯಾದ ಕಟ್ಟಿನ ಸಾರು. ಮೊದಲ ಮೂರು ವಾರ ದೂರದ ನಡಿಗೆಯಿಲ್ಲ, ಏಕಾದಶಿಯ ಉಪವಾಸವಿಲ್ಲ, ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ. ಬಳಲಿಕೆ ತೋರಿದಾಗಲೆಲ್ಲ ಮೊದಲು ಬೆರಳಿನ ಪರೀಕ್ಷೆ: ಅಂಕಿ ಎಪ್ಪತ್ತಕ್ಕೆ ಕೆಳಗಿದ್ದರೆ ಸಕ್ಕರೆಯ ನೀರು, ಸರಿಯಾಗಿದ್ದರೆ ಮಜ್ಜಿಗೆ. ಮೂರು ವಾರ ಕಳೆದ ಮೇಲೆಯೂ ಆಯಾಸ ಹೋಗದಿದ್ದರೆ ಬೇರೆ ಕಾರಣವನ್ನು ಹುಡುಕಬೇಕೆಂದು ವೈದ್ಯರು ಹೇಳಿದ್ದರು. ಆ ಪ್ರಸಂಗ ಬರಲಿಲ್ಲ. ಹದಿನೆಂಟನೆಯ ದಿನ ಯಜಮಾನರು ಕೆರೆಯ ಏರಿಯವರೆಗೆ ನಡೆದು ಬಂದರು. ಮೂರು ತಿಂಗಳ ಮೇಲೆ 9.2 ಇದ್ದುದು 7.4ಕ್ಕೆ ಇಳಿದಿತ್ತು. ಮಧ್ಯಾಹ್ನದ ಎಲೆಯಲ್ಲಿ ಒಂದು ಸಣ್ಣ ಸೌಟು ಅನ್ನ ಉಳಿಯಿತು. ಅದನ್ನು ಬಿಡಿಸುವ ಹಟವನ್ನು ಯಾರೂ ಹಿಡಿಯಲಿಲ್ಲ.

ಇನ್ನೊಂದು ಸಂಗತಿ ಆಮೇಲೆ ಬೆಳಕಿಗೆ ಬಂದಿತು. ತಿಂಗಳ ಸಾಮಾನಿನ ಲೆಕ್ಕವನ್ನು ಬರೆಯುವಾಗ, ಮೊದಲ ತಿಂಗಳ ಅಕ್ಕಿ ತಮ್ಮೊಬ್ಬರ ಪಾಲಿಗಿಂತ ಬಹಳ ಹೆಚ್ಚಾಗಿ ಉಳಿದಿರುವುದನ್ನು ಯಜಮಾನರು ಕಂಡರು. ಕೇಳಿದಾಗ ಗೃಹಿಣಿ ಸುಮ್ಮನಿದ್ದು, "ನೀವು ಬರಿಯ ಪಲ್ಯ ತಿಂದು ಏಳುವಾಗ ನನಗೆ ತುತ್ತು ಇಳಿಯಲಿಲ್ಲ" ಎಂದರು. ಯಜಮಾನರ ಆಯಾಸಕ್ಕೆ ವೈದ್ಯರಿದ್ದರು, ಮಜ್ಜಿಗೆಯಿತ್ತು, ಶ್ವಾಟ್ಕನ ದಿನಚರಿಯಿತ್ತು. ಆಕೆ ದಿನವೆಲ್ಲ ಒಲೆಯ ಮುಂದೆ ಹೇಗಿದ್ದರೆಂದು ಅಷ್ಟು ದಿನವೂ ಯಾರೂ ಕೇಳಿರಲಿಲ್ಲ.

ಅಂದು ಮಧ್ಯಾಹ್ನ ಯಜಮಾನರು ಮೊದಲು ಆಕೆಯನ್ನು ಮಣೆಯ ಮೇಲೆ ಕುಳ್ಳಿರಿಸಿ, ಸೌಟನ್ನು ಹಿಡಿಯುವ ಅಭ್ಯಾಸವಿಲ್ಲದ ತಮ್ಮ ಕೈಯಿಂದಲೇ ಆಕೆಯ ಎಲೆಗೆ ಅನ್ನ ಬಡಿಸಿದರು. ಬಳಿಕ ತಾವು ಮಜ್ಜಿಗೆಯ ಲೋಟವನ್ನು ತೆಗೆದುಕೊಂಡು ಎದುರಿಗೆ ಕುಳಿತರು.