ಕಾಂಬೋಡಿಯಾಕ್ಕೆ ಹೋಗುವ ಮುನ್ನ

ಪರದೇಶಕ್ಕೆ ಹೊರಡುವವರು ಬಟ್ಟೆಬರೆಗಳನ್ನು ಕಟ್ಟಿಕೊಳ್ಳುವಂತೆಯೇ ಆ ದೇಶದ ಸಂಕ್ಷಿಪ್ತ ಚರಿತ್ರೆಯೊಂದನ್ನೂ ಓದಿಕೊಂಡು ಹೊರಡುವುದು ಲೇಸು. ಕಾಂಬೋಡಿಯಾಕ್ಕೆ ಹೋಗುವ ಮುನ್ನ ನಾವು ಹಾಗೆಯೇ ಮಾಡಿದೆವು.

ಅಂಗ್ಕೋರ್ ವಾಟ್ ದೇವಾಲಯದ ಭಿತ್ತಿಯಲ್ಲಿ ಸಮುದ್ರಮಥನದ ಶಿಲ್ಪವನ್ನು ಕಂಡ ನಮ್ಮವರಿಗೆ ತವರನ್ನೇ ಕಂಡಂತಾಗುವುದು ಸಹಜ. ಆದರೆ 12ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮನು ಖ್ಮೇರ್ ಜನರ ಅರಸು. ವಿಷ್ಣುವಿಗೆಂದು ಕಟ್ಟಿದ ಆ ಗುಡಿಯು ಕಾಲಕ್ರಮದಲ್ಲಿ ಬೌದ್ಧರ ಪೂಜಾಸ್ಥಾನವಾಗಿ ಇಂದಿಗೂ ನಡೆದುಬಂದಿದೆ. ಇದನ್ನರಿತವನು ಅಲ್ಲಿ ಒಡೆಯನಂತೆ ಮಾತನಾಡದೆ ಅತಿಥಿಯಂತೆ ನಡೆದುಕೊಳ್ಳುವನು.

ಚರಿತ್ರೆಯ ಕೊನೆಯ ಪುಟಗಳನ್ನಂತೂ ಬಿಡಬಾರದು. ರಾಜಧಾನಿಯಾದ ನಾಮ್ ಪೆನ್‌ನಲ್ಲಿ ತುವೋಲ್ ಸ್ಲೆಂಗ್ ಎಂಬ ಕಟ್ಟಡವುಂಟು. ಮೊದಲು ಅದು ಪಾಠಶಾಲೆಯಾಗಿದ್ದಿತು. 1975ರಿಂದ 1979ರವರೆಗೆ ಆಳಿದ ಖ್ಮೇರ್ ರೂಜ್ ಪಕ್ಷದವರು ಅದನ್ನು ಸೆರೆಮನೆಯಾಗಿ ಮಾಡಿದರು. ಅವರ ಆಳ್ವಿಕೆಯಲ್ಲಿ 15 ಲಕ್ಷಕ್ಕೂ ಮಿಕ್ಕು ಜನರು ಹಸಿವು, ರೋಗ, ದುಡಿತ, ಕೊಲೆಗಳಿಂದ ಅಳಿದರು. ಅವರಲ್ಲಿ ಉಪಾಧ್ಯಾಯರೂ ಬಹುಮಂದಿ. ಬಹುಕಾಲ ಪಾಠ ಹೇಳಿದ ನಮಗೆ ಆ ಕೊಠಡಿಗಳ ಹೊಸ್ತಿಲು ದಾಟುವುದು ಕಷ್ಟವಾಯಿತು.

ಬೀದಿಯಲ್ಲಿ ಎಳನೀರು ಮಾರುವ ವೃದ್ಧೆಯೊಡನೆ ಚೌಕಾಸಿಗೆ ನಿಲ್ಲುವ ಪ್ರಯಾಣಿಕನಿಗೆ, ಈಕೆ ಆ ವರ್ಷಗಳನ್ನು ದಾಟಿ ಬದುಕಿ ಉಳಿದವಳೆಂಬ ಅರಿವು ಬೇಕು. ಸಣ್ಣ ಪುಸ್ತಕವೊಂದು ಅಷ್ಟನ್ನು ಕಲಿಸಿದರೆ ಓದಿದ್ದು ಸಾರ್ಥಕ.