ಬೇಲಿಯ ತಂತಿ

ಹಿತ್ತಲಿಗೆ ಬೇಲಿ ಹಾಕಿಸುವುದರಲ್ಲಿ ಬರೆಯತಕ್ಕ ವಿಷಯವೇನಿದೆಯೆಂದು ವಾಚಕರು ಕೇಳಬಹುದು. ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುವುದರಲ್ಲಿಯೇ ಕಳೆದ ನಾನೂ ಹಾಗೆಯೇ ಎಣಿಸಿದ್ದೆನು. ನಿವೃತ್ತನಾದ ವರ್ಷ ಕೈಗೆ ಬಂದ ಹಣದಲ್ಲಿ ಮಾಡಿದ ಮೊದಲನೆಯ ಕೆಲಸವೇ ಬೇಲಿಯದು. ಅದರಲ್ಲಿ ನಾನು ಕಲಿತುದು, ಕಲಿಯುವುದಕ್ಕಾಗಿ ಪರರು ತೆತ್ತುದು, ಇವೆರಡನ್ನೂ ಇಲ್ಲಿ ಹೇಳಬೇಕಾಗಿದೆ.

ನಮ್ಮ ಮನೆ ಮರವಂತೆಗೆ ತೆಂಕಲಾಗಿ, ಕಡಲಿನ ಮೊರೆತವು ರಾತ್ರಿಯೆಲ್ಲ ಕೇಳುವಷ್ಟು ಹತ್ತಿರದಲ್ಲಿದೆ. ತೀರ್ಥರೂಪರ ಕಾಲದಲ್ಲಿ ಗಡಿಗೆ ತಂತಿಯೆಂಬುದಿರಲಿಲ್ಲ. ಒಂದು ಕಡೆ ಮುರಕಲ್ಲಿನ ಪಾಗಾರ; ಉಳಿದ ಕಡೆಗಳಲ್ಲಿ ಅಗಳು, ಅಗಳಿನ ಮಣ್ಣನ್ನೇ ಏರಿಸಿದ ದರೆ, ದರೆಯ ಮೇಲೆ ದಾಸವಾಳ, ನೆಕ್ಕಿ, ಕಳ್ಳಿ. ವರ್ಷಕ್ಕೊಮ್ಮೆ ಅದನ್ನು ಸವರಿ, ಕಂಡಿ ಬಿದ್ದಲ್ಲಿ ಮುಳ್ಳು ಕಟ್ಟಬೇಕು. ಈಗ ಆ ಕೆಲಸಕ್ಕೆ ಆಳುಗಳು ದೊರೆಯುವುದಿಲ್ಲ. ದೊರೆತರೂ ಕೂಲಿಯನ್ನು ಕೇಳಿ ಸುಮ್ಮನಾಗಬೇಕು. ದರೆ ಜರಿಯಿತು, ಗಿಡಗಳು ಒಣಗಿದವು. ನೆರೆಮನೆಯ ಅಕ್ಕನವರ ಕೆಂಪಿ ಎಂಬ ದನವು ನಮ್ಮ ಬಸಳೆಯ ಚಪ್ಪರವನ್ನೂ ಅಲಸಂಡೆಯ ಸಾಲನ್ನೂ ತನ್ನದೆಂದೇ ತಿಳಿಯಿತು.

ಕೆಂಪಿ ಮಲೆನಾಡು ಗಿಡ್ಡ. ಈ ತಳಿಗೆ 2012ರಲ್ಲಿ ಸರಕಾರದ ಮನ್ನಣೆ ದೊರೆಯಿತಾದರೂ, ಅದು ಯಾವ ಬೇಲಿಯನ್ನೂ ಮನ್ನಿಸುವ ಜಾತಿಯಲ್ಲ. ಎತ್ತರ ಸುಮಾರು ಮೂರು ಅಡಿ, ಹಾರಬಲ್ಲುದು, ನುಸಿಯಬಲ್ಲುದು. ಪರರ ಬೆಳೆ ಮೇಯ್ದ ದನವನ್ನು ದೊಡ್ಡಿಗೆ ಅಟ್ಟುವ ಕಾನೂನು 1871ರಲ್ಲೇ ಆಗಿತ್ತೆಂದು ನಾನು ಅಕ್ಕನವರಿಗೆ ಒಮ್ಮೆ ಬಿರುಸಾಗಿಯೇ ಹೇಳಿದೆನು. ಆ ಮಾತನ್ನು ಆಡಬಾರದಾಗಿತ್ತು.

ಕುಂದಾಪುರದ ಅಂಗಡಿಯೊಂದಕ್ಕೆ ಹೋಗಿ ಮುಳ್ಳುತಂತಿ ಕೇಳಿದೆನು. 12ನೆಯ ನಂಬ್ರದ್ದೋ 14ನೆಯ ನಂಬ್ರದ್ದೋ ಎಂದರು. ಹದಿನಾಲ್ಕು ಹನ್ನೆರಡಕ್ಕಿಂತ ಹೆಚ್ಚೆಂದು ಜೀವಮಾನವೆಲ್ಲ ಪಾಠ ಹೇಳಿದವನು ಬೇರೇನು ಹೇಳಿಯಾನು? ತಂತಿಯ ಲೆಕ್ಕ ಇದಕ್ಕೆ ವಿಪರೀತ. ನಂಬ್ರ ಏರಿದಂತೆ ತಂತಿ ತೆಳುವಾಗುವುದು. 12ರದ್ದು 2.64 ಮಿಲಿಮೀಟರ್ ದಪ್ಪ, 14ರದ್ದು 2.03 ಮಾತ್ರ. ಮಾರಾಟ ತೂಕದ ಮೇಲಾದುದರಿಂದ ಅದೇ ಹಣಕ್ಕೆ ತೆಳುವಾದುದು ಒಂದೂವರೆ ಪಾಲಿಗಿಂತಲೂ ಹೆಚ್ಚು ಉದ್ದ ಬಂದಿತು. ಲಾಭವಾಯಿತೆಂದು ಹಿಗ್ಗಿ, ಮಿಕ್ಕ ಸುರುಳಿಯನ್ನು ವಂಡ್ಸೆಯ ಕಡೆಯಲ್ಲಿರುವ ತಂಗಿಯ ಮನೆಗೂ ಕಳುಹಿದೆನು.

ಮೂರನೆಯ ಮಳೆಗಾಲಕ್ಕೆ ನಮ್ಮ ತಂತಿ ಕೆಂಪಾಯಿತು; ಮುಟ್ಟಿದರೆ ಹುಡಿ ಉದುರುತ್ತಿತ್ತು. ತಂಗಿಯ ಮನೆಗೆ ಹೋದಾಗ ನೋಡಿದರೆ ಅದೇ ಸುರುಳಿಯ ತಂತಿ ಬೂದುಬಣ್ಣ ಬಿಡದೆ ನಿಂತಿದೆ! ಮಳೆ ಅಲ್ಲಿ ಕಡಮೆಯೇನೂ ಅಲ್ಲ. ಭೇದವಿರುವುದು ಗಾಳಿಯಲ್ಲಿ. ಕಬ್ಬಿಣದ ತಂತಿಗೆ ಬಳಿದ ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುವುದು. ರಸಶಾಸ್ತ್ರದವರು ಯಶದವೆಂದು ಕರೆಯುವ ಲೋಹವೇ ಇದು. ಕಡಲಗಾಳಿಯ ಉಪ್ಪು ಅದನ್ನು ಬೇಗನೆ ತಿಂದುಹಾಕುವುದು. ತೆಳುವಾದ ಲೇಪವಾದರೆ ಕೇಳುವುದೇ ಬೇಡ. ಆದುದರಿಂದ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕಡಲಂಚಿನವರು ನಂಬ್ರದ ಜೊತೆಗೆ ಸತುವಿನ ಲೇಪ ಎಷ್ಟೆಂದೂ ಕೇಳತಕ್ಕದ್ದು. ಚದರ ಮೀಟರಿಗೆ ಇಷ್ಟು ಗ್ರಾಮೆಂದು ಅದಕ್ಕೆ ಲೆಕ್ಕವಿದೆ. ಮುಳ್ಳುತಂತಿಗೆ ಐ.ಎಸ್. 278 ಎಂಬ ಭಾರತೀಯ ಮಾನಕವೂ ಇದೆ. ಕಂಬಕ್ಕೆ ಬಿಗಿಯುವ ಸಪೂರ ಸರಿಗೆಯನ್ನು ಯಾರೂ ವಿಚಾರಿಸುವುದಿಲ್ಲ. ನಮ್ಮಲ್ಲಿ ಮೊದಲು ಕಳಚಿದುದು ಅದೇ.

ಸರಿಗೆ ಕಳಚಿ ತಂತಿ ಜೋತುಬಿದ್ದ ಜಾಗದಲ್ಲಿಯೇ ಕೆಂಪಿ ನುಸಿದಳು. ಆಷಾಢದ ಒಂದು ಮುಂಜಾನೆ ಅಕ್ಕನವರು ಅಂಗಳದಲ್ಲಿ ನಿಂತು, "ಮಾಷ್ಟ್ರೇ, ಇಲ್ ಬಂದ್ ಕಾಣಿ" ಎಂದರು. ಕೆಚ್ಚಲು ಸೀಳಿ ಒಂದು ಮೊಲೆ ಹರಿದಿತ್ತು. ನಾನು ತಲೆತಗ್ಗಿಸಿ ನಿಂತೆನು. ಅವರು ನಷ್ಟ ಕೇಳಲಿಲ್ಲ, ಬೈಯಲಿಲ್ಲ. "ಬೇಲಿ ದನಕ್ಕೆ ಕಾಂಬುಕೆ ಹಾಕುದಲ್ದಾ? ತಂತಿ ಅದ್ಕೆ ಕಾಂತಿಲ್ಲೆ" ಎಂದಷ್ಟೇ ಹೇಳಿದರು. ಪಶುವೈದ್ಯರು ಬಂದು ಹೊಲಿಗೆ ಹಾಕಿದರು. ಮಳೆಗಾಲದ ಗಾಯ, ಹುಳ ಬಿದ್ದು ಒಂದು ತಿಂಗಳು ಕಾಡಿತು. ಆ ಮೊಲೆ ಬತ್ತಿಯೇ ಹೋಯಿತು. ಅಕ್ಕನವರ ಮೊಮ್ಮಗುವಿಗೆ ಕುಡಿಯಲು ಇದ್ದುದು ಅದರ ಹಾಲು.

ಅಂದು ರಾತ್ರಿ ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ತೆರೆದೆನು. ಆ ಗ್ರಂಥದ ಎಲ್ಲ ಮಾತಿಗೂ ತಲೆದೂಗುವವನು ನಾನಲ್ಲ. ಆದರೆ ಬೇಲಿಯ ಪ್ರಕರಣ ಅಲ್ಲಿರುವುದು ನೆನಪಿತ್ತು. ಊರ ಬದಿಯ ಬೇಲಿಯಿಲ್ಲದ ಪೈರನ್ನು ಪಶು ತಿಂದರೆ ಕಾಯುವವನಿಗೆ ದಂಡವಿಲ್ಲ. ಬೇಲಿಯಾದರೋ ಒಂಟೆ ಇಣುಕದಷ್ಟು ಎತ್ತರವಿರಬೇಕು, ನಾಯಿಯಾಗಲಿ ಹಂದಿಯಾಗಲಿ ಮೋರೆ ತೂರಿಸುವ ಕಂಡಿ ಇರಬಾರದು ಎಂದು ವಿಧಿ. ತಡೆಯಬೇಕೆಂದಿದೆಯೇ ಹೊರತು ಸೀಳಬೇಕೆಂದಿಲ್ಲ. ಇಂದಿನ ಮಾದರಿಯ ಮುಳ್ಳುತಂತಿಗೆ ಗ್ಲಿಡನ್ ಎಂಬಾತ ಅಮೆರಿಕದ ಇಲಿನಾಯ್ ಸೀಮೆಯಲ್ಲಿ 1874ರಲ್ಲಿ ಹಕ್ಕುಪತ್ರ ಪಡೆದನು. ಮರವೇ ವಿರಳವಾದ ಹುಲ್ಲುಗಾವಲಿನಲ್ಲಿ ದೊಡ್ಡ ದನಗಳ ಹಿಂಡನ್ನು ತಡೆಯಲು ಹುಟ್ಟಿದ್ದು ಅದು; ಅಂಗಳದಿಂದ ಅಂಗಳಕ್ಕೆ ನಡೆಯುವ ನಮ್ಮ ಗಿಡ್ಡಗಳಿಗಲ್ಲ.

ವಿದ್ಯುತ್ತಿನ ಬೇಲಿಯನ್ನೂ ಕೆಲವರು ಹೇಳಿದರು. ಯಂತ್ರದಿಂದ ಸೆಕೆಂಡಿಗೊಮ್ಮೆಯಂತೆ ಕ್ಷಣಮಾತ್ರದ ಮಿಡಿತ ಕೊಡುವ ಬೇಲಿಗೆ ನುಣುಪು ತಂತಿ ಸಾಕು, ಗಾಯವಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕೆ ಇಳಿದುಹೋಗುವುದು. ಬೇಸಗೆಯಲ್ಲಿ ಮುರಮಣ್ಣು ಒಣಗಿ ನೆಲದ ಸಂಪರ್ಕ ಸಾಲದು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವವರಿದ್ದಾರೆ. ಅದು ಬೇಲಿಯಲ್ಲ, ಕೊಲೆ.

ಕೊನೆಗೆ ಆರಿಸಿದುದು ನುಣುಪು ತಂತಿಯ ಹೆಣೆದ ಜಾಲರಿ. 10ನೆಯ ನಂಬ್ರ, ದಪ್ಪ ಸತುವಿನ ಲೇಪ, ಕರುವಿನ ತಲೆ ತೂರದ ಕಣ್ಣು. ಬೆಸುಗೆಯ ಜಾಲರಿ ಅಗ್ಗವಿತ್ತು. ಆದರೆ ಲೇಪವಾದ ಮೇಲೆ ಬೆಸೆದುದಾದರೆ ಬೆಸುಗೆಯ ಕಾವಿಗೆ ಸತು ಸುಟ್ಟು, ತುಕ್ಕು ಅಲ್ಲಿಂದಲೇ ಹಿಡಿಯುವುದು. ಪ್ಲಾಸ್ಟಿಕ್ ಹೊದಿಸಿದುದೂ ಕಣ್ಣಿಗೆ ಅಂದ. ಬಿಸಿಲಿಗೆ ಸೀಳಿದರೆ ಉಪ್ಪುನೀರು ಒಳಗೇ ನಿಲ್ಲುವುದು. ಕಂಬಗಳು ಶಿಲೆಯವು, ಎರಡಡಿ ನೆಲದೊಳಗೆ. ಮೂಲೆಯ ಕಂಬಗಳಿಗೆ ಓರೆಯಾಗಿ ಊರೆ ಕೊಟ್ಟಿದೆ. ಊರೆಯಿಲ್ಲದಿದ್ದರೆ ಎಷ್ಟು ಬೆಲೆಯ ತಂತಿಯೂ ಜೋಲುವುದು. ಹಣ ಮೊದಲಿನದರ ಮೂರು ಪಾಲಾಯಿತು. ಮನೆಯವಳು ಒಂದು ವಾರ ಮಾತು ಕಡಮೆ ಮಾಡಿದಳು. ಅವಳ ಪಕ್ಷದಲ್ಲಿ ನ್ಯಾಯವೂ ಇತ್ತು.

ಅಕ್ಕನವರ ಮಾತಿನಂತೆ ಜಾಲರಿಯ ಉದ್ದಕ್ಕೂ ದಾಸವಾಳದ ಗೆಲ್ಲುಗಳನ್ನು ಊರಿಸಿದೆನು, ದನಕ್ಕೆ ಕಾಣಲಿ ಎಂದು. ಹಿಂದಿನಿಂದ ನಡೆದುಬಂದ ಕಾಲುದಾರಿಯಲ್ಲಿ ತಡಮೆಯನ್ನೂ ಇಡಿಸಿದೆನು. ಅಕ್ಕನವರು ಬಾವಿಗೆ ಬರುವುದು ಅದರಲ್ಲಿಯೇ.

ಹಳೆಯ ತಂತಿಯನ್ನು ಗುಜರಿಯವನು ಕೊಂಡೊಯ್ದನು. ಮುರಿದು ಉದುರಿದ ತುಂಡುಗಳನ್ನು ನಾನೂ ಅಕ್ಕನವರ ಮಗನೂ ಎರಡು ದಿನ ಬಾಗಿ ಬಾಗಿ ಆಯ್ದೆವು; ಹುಲ್ಲಿನೊಡನೆ ದನದ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಎಲ್ಲವೂ ಮುಗಿಯಿತೆಂದಿದ್ದೆನು. ಕಳೆದ ವಾರ ತೆಂಗಿನ ಬುಡ ಬಿಡಿಸುವಾಗ ಗೇಣುದ್ದದ್ದು ಇನ್ನೊಂದು ದೊರೆಯಿತು.